ಪದಕ್ರಮವೂ ವಿಭಕ್ತಿಯೂ: ಒಂದು ಗಡಿನಾಡ ವಿಚಾರ

‘ಕರ್ತೃಪದ, ಕರ್ಮಪದ, ಕ್ರಿಯಾಪದ’ ಎಂಬ ಕ್ರಮವನ್ನು ನಮ್ಮ ಶಾಲಾ ವ್ಯಾಕರಣಗಳು ಕಟ್ಟಳೆಯಾಗಿಯೇ ಹೇಳುವುದುಂಟು. ಕಟ್ಟಳೆ ಸುಳ್ಳಲ್ಲ, ಅದರ ಕಾರಣವನ್ನು ತಿಳಿಸದೆ ಬಿಡುವುದೇ ದೋಷ. ‘ಹುಲಿಯನ್ನು ಕೊಂದನು ಬೇಟೆಗಾರನು’ ಎಂದು ಬರೆದ ವಿದ್ಯಾರ್ಥಿಯ ವಾಕ್ಯಕ್ಕೆ ಹಿಂದೊಮ್ಮೆ ನಾನೇ ಕೆಂಪು ಗೆರೆ ಎಳೆದಿದ್ದೆನು. ಆ ಗೆರೆ ಅನ್ಯಾಯವೆಂದು ಈಗ ತೋರುತ್ತದೆ.

ಏಕೆಂದರೆ, ಕೊಂದವನಾರು, ಸತ್ತದ್ದಾವುದು ಎಂಬುದನ್ನು ಇಲ್ಲಿ ತಿಳಿಸುವುದು ಸ್ಥಾನವಲ್ಲ, ‘ಅನ್ನು’ ಎಂಬ ದ್ವಿತೀಯಾ ವಿಭಕ್ತಿ. ಇಂಗ್ಲಿಷಿನಲ್ಲಿ ನಾಮಪದಕ್ಕೆ ಇಂತಹ ಗುರುತಿಲ್ಲ. ಹುಲಿ, ಬೇಟೆಗಾರರ ಸ್ಥಾನ ಬದಲಿಸಿದರೆ ಸಾಯುವವನು ಬೇಟೆಗಾರನೇ! ನಮ್ಮಲ್ಲಿಯೂ ಪ್ರತ್ಯಯ ಲೋಪವಾದೆಡೆ ಕ್ರಮವೇ ಕಾವಲು: ‘ಹಾವು ಕಪ್ಪೆ ನುಂಗಿತು’ ಎಂಬುದನ್ನು ತಿರುವಿದರೆ ಕೇಳುವವನು ತಬ್ಬಿಬ್ಬಾಗುತ್ತಾನೆ.

ಕ್ರಿಯಾಪದ ಕೊನೆಗೆ ಬರುವುದು ನಮ್ಮದೊಂದೇ ವಿಶೇಷವೂ ಅಲ್ಲ. ವಿದ್ವಾಂಸ ಮ್ಯಾಥ್ಯೂ ಡ್ರೈಯರ್ ಪರಿಶೀಲಿಸಿದ 1376 ಭಾಷೆಗಳಲ್ಲಿ 564 ನಮ್ಮ ಕ್ರಮದವು, 488 ಇಂಗ್ಲಿಷಿನ ಕ್ರಮದವು. ವೆಲ್ಷ್ ಭಾಷೆಯಂತೆ ಕ್ರಿಯೆಯನ್ನು ಮೊದಲಿಟ್ಟು, ಬಳಿಕ ಕರ್ತೃ, ಕರ್ಮಗಳನ್ನು ಹೇಳುವವು 95. 189ರಲ್ಲಿ ಯಾವುದೊಂದು ಕ್ರಮವೂ ಪ್ರಧಾನವಲ್ಲ. 1963ರಲ್ಲಿ ಜೋಸೆಫ್ ಗ್ರೀನ್‌ಬರ್ಗ್ 30 ಭಾಷೆಗಳನ್ನು ಹೋಲಿಸಿ, ನಮ್ಮ ಕ್ರಮದ ಭಾಷೆಗಳಲ್ಲಿ ‘ಮೇಲೆ’, ‘ಒಳಗೆ’ ಮೊದಲಾದ ಪದಗಳು ಬಹುತೇಕ ನಾಮಪದದ ಹಿಂದೆಯೇ ಬರುವುವೆಂದು ತೋರಿಸಿದರು. ‘ಮರದ ಮೇಲೆ’ ಎನ್ನುವುದಕ್ಕೂ ಕ್ರಿಯಾಪದದ ಸ್ಥಾನಕ್ಕೂ ಹೀಗೆ ನಂಟುಂಟು.

ಇನ್ನು ನಮ್ಮ ವಯನಾಡಿನ ಮಾತು. ಇಲ್ಲಿನ ಮಲೆಯಾಳವೂ, ಕಾಟ್ಟುನಾಯ್ಕರ, ಪಣಿಯರ, ರಾವುಳರ ನುಡಿಗಳೂ ಕನ್ನಡದಂತೆ ದ್ರಾವಿಡ ಬಳಗದವೇ; ಕ್ರಿಯೆಯನ್ನು ಕೊನೆಗಿಡುವ ವಾಡಿಕೆಯನ್ನು ಮಗು ಮನೆಯಿಂದಲೇ ತರುತ್ತದೆ. ಅದು ಎಡವುವುದು ಬೇರೆಡೆ. ಮಲೆಯಾಳದ ಕ್ರಿಯಾಪದಕ್ಕೆ ಪುರುಷಪ್ರತ್ಯಯವಿಲ್ಲ. ನಾನು, ನೀನು, ಅವಳು ಯಾರು ಬಂದರೂ ‘ವನ್ನು’. ಈ ಲೋಪವನ್ನು ‘ಪುರುಷಭೇದನಿರಾಸ’ವೆಂದು ಎ. ಆರ್. ರಾಜರಾಜವರ್ಮರು ‘ಕೇರಳಪಾಣಿನೀಯ’ದಲ್ಲಿ ಹೆಸರಿಸಿದ್ದಾರೆ. ಕನ್ನಡದಲ್ಲಿಯಾದರೋ ‘ಬಂದೆನು’ ಎಂದರೆ ಸಾಕು, ‘ನಾನು’ ಎನ್ನಬೇಕಿಲ್ಲ. ಮಲೆಯಾಳ ಮನೆಮಾತಿನ ಮಗು ‘ನಾವು ಬಂದನು’ ಎಂದು ಬರೆದರೆ ಅದು ದಡ್ಡತನವಲ್ಲ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಮಗುವಿಗೆ ಬಂದೇ ಇರುವ ಕ್ರಮವನ್ನು ಬಾಯಿಪಾಠ ಮಾಡಿಸುವ ಹೊತ್ತನ್ನು ಪ್ರತ್ಯಯಗಳಿಗೆ ಕೊಡೋಣ. ಗೆರೆ ಎಳೆಯುವ ಮುನ್ನ ಅದರ ಮನೆಮಾತನ್ನು ಕೇಳೋಣ.