ಪಟ್ಟಿಯಲ್ಲಿದ್ದಾನೆ, ಆಡಿಲ್ಲ

ಈ ಸಲ ಮಾಯಕೊಂಡಕ್ಕೆ ಹೋದಾಗ ಚಿಕ್ಕಪ್ಪನ ಮಗ ಫೋನ್ ಹಿಡ್ಕೊಂಡು ಪಕ್ಕದಲ್ಲಿ ಕೂತ. ನೆಟ್ಸ್‌ನಲ್ಲಿ ಯಾವನೋ ಹುಡುಗ ಸಿಕ್ಸರ್ ಎತ್ತುತ್ತಿರೋ ಆರ್‌ಸಿಬಿ ವಿಡಿಯೊ. "ಲಿಸ್ಟ್‌ನಾಗೆ ಹೆಸ್ರು ಬಂದ್ರೆ ಸಾಕಣ್ಣ, ಆಡ್ಸದಿದ್ರೂ ಪರವಾಗಿಲ್ಲ. ವಿರಾಟ್ ಪಕ್ಕ ಕುಂತ್ರೆ ಅರ್ಧ ಕಲ್ತಂಗೆ" ಅಂದ. ಅವನಿಗೀಗ 18. ಬಸ್ ಹತ್ತಿ ದಾವಣಗೆರೆಗೆ ಪ್ರಾಕ್ಟೀಸ್‌ಗೆ ಹೋಗ್ತಾನೆ. ಡಿಗ್ರಿ ಬಿಡೋ ಮಾತು ಮನೇಲಿ ಆಗಲೇ ಎರಡು ಸಲ ಎದ್ದಿದೆ. ಅದಕ್ಕೇ ನನಗೆ ನಗು ಬರಲಿಲ್ಲ.

ತಪ್ಪು ಅವನೊಬ್ಬನದಲ್ಲ. ಪ್ರತಿ ಮಾರ್ಚ್‌ನಲ್ಲಿ 'ಈ ವರ್ಷ ಮಿಂಚಲಿರುವ ಹೊಸಬರು' ಅಂತ ಬರೆಯೋ ನಾವೂ ಬೆಂಚನ್ನು ಗುರುಕುಲ ಅಂದ್ಕೊಂಡಿದ್ದೇವೆ. ಲೆಕ್ಕ ನೋಡಿ: ತಂಡದಲ್ಲಿ 25 ಜನರ ತನಕ ಇರಬಹುದು. 2023ರಲ್ಲಿ ಬಂದ ಇಂಪ್ಯಾಕ್ಟ್ ಪ್ಲೇಯರ್ ಸೇರಿಸಿದರೂ ಒಂದು ಪಂದ್ಯಕ್ಕೆ ಆಡೋರು 12. ಉಳಿದವರು ಎರಡು ತಿಂಗಳು ನೀರು ಒಯ್ಯಬೇಕು. ಪಂದ್ಯಕ್ಕೆ ಸಿಗೋ 7.5 ಲಕ್ಷ ಸಂಭಾವನೆಯೂ ಆಡಿದವರಿಗೇ.

ದೇವದತ್ತ ಪಡಿಕ್ಕಲ್ ಹೆಸರು ಹೇಳಿ ವಾದ ಮಾಡೋರಿದ್ದಾರೆ. 2019ರಲ್ಲಿ ಆರ್‌ಸಿಬಿ ಅವನನ್ನು ಒಂದು ಪಂದ್ಯಕ್ಕೂ ಇಳಿಸಲಿಲ್ಲ. 2020ರಲ್ಲಿ ಮೊದಲ ಪಂದ್ಯದಲ್ಲೇ 56, ಒಟ್ಟು 473 ರನ್. ಬೆಂಚಿನ ಮಹಿಮೆ ಅಂತೀರಾ? ನಡುವೆ ಅವನು ಕರ್ನಾಟಕಕ್ಕೆ ಆಡಿ, ವಿಜಯ್ ಹಜಾರೆಯಲ್ಲೂ ಮುಷ್ತಾಕ್ ಅಲಿಯಲ್ಲೂ ಇಡೀ ದೇಶದಲ್ಲೇ ಅತಿ ಹೆಚ್ಚು ರನ್ ಹೊಡೆದಿದ್ದ. ಅದನ್ನು ಯಾರೂ ರೀಲ್ ಮಾಡಲಿಲ್ಲ, ಅಷ್ಟೆ.

ಪಟ್ಟಿ ಎಷ್ಟು ಸಡಿಲ ಅನ್ನೋದಕ್ಕೆ 2022 ನೋಡಿ. ಹರಾಜಿನಲ್ಲಿ ನಮ್ಮ ಲವನೀತ್ ಸಿಸೋಡಿಯಾಗೆ ಜಾಗ ಸಿಕ್ಕಿತು, ರಜತ್ ಪಾಟಿದಾರ್‌ನನ್ನು ಯಾರೂ ಕೊಳ್ಳಲಿಲ್ಲ. ಲವನೀತ್‌ಗೆ ಗಾಯ, ಆ ಜಾಗಕ್ಕೆ ಪಾಟಿದಾರ್ ಬಂದ, ಎಲಿಮಿನೇಟರ್‌ನಲ್ಲಿ ಔಟಾಗದೆ 112 ಹೊಡೆದ. 2025ರಲ್ಲಿ ಕಪ್ ಎತ್ತಿದ ನಾಯಕನೂ ಅವನೇ. ಲವನೀತ್ ಏನು ತಪ್ಪು ಮಾಡಿದ್ದ, ಹೇಳಿ?

ನನಗೆ ಹೆಚ್ಚು ಹೊಟ್ಟೆ ಉರಿಸೋದು ಮನೋಜ್ ಭಾಂಡಗೆ ಕಥೆ. 2023, 2024 ಎರಡೂ ವರ್ಷ ಆರ್‌ಸಿಬಿ ಪಟ್ಟಿಯಲ್ಲಿದ್ದ, ಒಂದೂ ಪಂದ್ಯ ಇಲ್ಲ. ಅದೇ 2024ರ ಮಹಾರಾಜ ಟ್ರೋಫಿ ಫೈನಲ್‌ನಲ್ಲಿ ಮೈಸೂರಿಗೆ 13 ಎಸೆತದಲ್ಲಿ 44 ಚಚ್ಚಿದ. ಕೊನೆಗೂ 2025ರ ಏಪ್ರಿಲ್‌ನಲ್ಲಿ ಅವಕಾಶ ಬಂತು: ಮಳೆಯಿಂದ 14 ಓವರ್‌ಗೆ ಇಳಿದ ಪಂದ್ಯ, ಚಿನ್ನಸ್ವಾಮಿಯಲ್ಲಿ ವಿಕೆಟ್ ಮೇಲೆ ವಿಕೆಟ್ ಉದುರುತ್ತಿದ್ದ ಹೊತ್ತು. ಬೇಗ ಔಟಾದ. 'ಇವನಿಗೆ ಆಗಲ್ಲ' ಅಂತ ನಾನೂ ಗೊಣಗಿದ್ದೆ, ಸುಳ್ಳು ಯಾಕೆ ಹೇಳಲಿ. ಎರಡು ವರ್ಷ ಕಾಯಿಸಿ ಒಂದು ಸಂಜೆಯಲ್ಲಿ ತೀರ್ಪು ಕೊಡೋದು ವಿಮರ್ಶೆಯಲ್ಲ.

ಆಸ್ಟ್ರೇಲಿಯಾದವರ ಫುಟ್‌ಬಾಲ್ ಲೀಗ್ ಎಎಫ್‌ಎಲ್‌ನಲ್ಲಿ ಮುಖ್ಯ ತಂಡಕ್ಕೆ ಇನ್ನೂ ಕಾಲಿಡದ ಹುಡುಗರು ಸೀಸನ್ ನಡೆಯುವಾಗಲೇ ವಿಎಫ್‌ಎಲ್‌ನಂಥ ಕೆಳಗಿನ ಲೀಗ್‌ಗಳಲ್ಲಿ ಆಡ್ತಿರ್ತಾರೆ. ಅವರ ಭವಿಷ್ಯದ ಬಗ್ಗೆ ಮಾತಾಡೋಕೆ ಅಭಿಮಾನಿಗೆ ನಿಜವಾದ ಆಟ ಸಿಗುತ್ತೆ. ಐಪಿಎಲ್‌ಗೆ ಸಮಾನಾಂತರವಾಗಿ ಮೀಸಲು ಆಟಗಾರರ ಟೂರ್ನಿ ಇಲ್ಲ. ನಮಗೆ ಸಿಗೋದು ನೆಟ್ಸ್ ವಿಡಿಯೊ. ಅದರಲ್ಲಿ ಬೌಲ್ಡ್ ಆದದ್ದನ್ನು ಯಾರು ಹಾಕ್ತಾರೆ?

ನಮ್ಮ ದಾವಣಗೆರೆ ಎಕ್ಸ್‌ಪ್ರೆಸ್ ವಿನಯ್ ಕುಮಾರ್ ರಣಜಿಗೆ ಬಂದದ್ದು 2004-05ರಲ್ಲಿ. ಐಪಿಎಲ್ ಶುರುವಾಗೋ ಹೊತ್ತಿಗೆ ಅವರು ಕರ್ನಾಟಕಕ್ಕಾಗಿ ಸಾಕಷ್ಟು ಓವರ್ ಎಸೆದಾಗಿತ್ತು. ಇದನ್ನು ತಮ್ಮನಿಗೆ ಹೇಳಿದೆ. "ಅವಾಗಿನ ಕಾಲ ಬೇರೆ ಬಿಡಣ್ಣ" ಅಂದ.

"ಸರಿ, ಈ ವರ್ಷ ನೀನು ಎಷ್ಟು ಮ್ಯಾಚ್ ಆಡಿದೆ?"

ಫೋನ್ ಜೇಬಿಗೆ ಹಾಕಿ ಬೆರಳು ಮಡಚಿದ. "ಟೆನಿಸ್ ಬಾಲ್ ಬಿಟ್ಟು... ನಾಕು."