ಹುತ್ತದ ಹಾವು ಮತ್ತು ಪೆಟ್ಟಿಗೆಯ ಹಾವು

ಶ್ರವಣಬೆಳಗೊಳದ ಬಾಹುಬಲಿಮೂರ್ತಿಯನ್ನು ದರ್ಶಿಸಿದವರು ಆ ಮಹಾಮೂರ್ತಿಯ ಕಾಲುಗಳ ಇಕ್ಕೆಲಗಳಲ್ಲಿ ಶಿಲ್ಪಿಯು ಕಡೆದಿರುವ ಹುತ್ತಗಳನ್ನೂ ಅವುಗಳಿಂದ ಹೊರಚಾಚಿದ ಹಾವುಗಳನ್ನೂ ಕಂಡಿರುತ್ತಾರೆ. ಹತ್ತನೆಯ ಶತಮಾನದ ಆ ಶಿಲ್ಪದಲ್ಲಿ ಹಾವು ಯಾರ ಸೊತ್ತೂ ಅಲ್ಲ. ಅದನ್ನು ಯಾರೂ ಹಿಡಿದು ತಂದಿಲ್ಲ, ಯಾರೂ ಕಟ್ಟಿಹಾಕಿಲ್ಲ. ತಪಸ್ವಿಯು ಅಲುಗದೆ ನಿಂತದ್ದರಿಂದ ಅದು ನಿರ್ಭಯವಾಗಿ ಬಳಿಗೆ ಬಂದಿದೆ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದಲ್ಲಿಯೂ ಬಾಹುಬಲಿಯ ಪ್ರಾಚೀನ ಮೂರ್ತಿಯೊಂದಿರುವುದರಿಂದ ಮಂಡ್ಯ ಸೀಮೆಯವರಿಗೆ ಈ ಆದರ್ಶವು ದೂರದ್ದೇನಲ್ಲ. ಮನುಷ್ಯನಿಗೂ ಹಾವಿಗೂ ಇರಬೇಕಾದ ಸಂಬಂಧದ ಬಗೆಗೆ ನಮ್ಮ ಪರಂಪರೆಯು ಆಡಿರುವ ಮಾತುಗಳಲ್ಲಿ ಇದು ಬಹುಶಃ ಅತ್ಯಂತ ಸ್ಪಷ್ಟವಾದದ್ದು.

ಈ ಆದರ್ಶದೆದುರು ಇಂದಿನ ಹವ್ಯಾಸವೊಂದನ್ನು ಇಟ್ಟು ನೋಡುವುದು ಅಗತ್ಯವಾಗಿದೆ. ವಿದೇಶೀ ಹಾವುಗಳನ್ನು ಗಾಜಿನ ಅಥವಾ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಸಾಕಿ, ಜೋಡಿ ಮಾಡಿ, ಮೊಟ್ಟೆಗಳಿಗೆ ಯಂತ್ರದಿಂದ ಕಾವು ಕೊಟ್ಟು ಮರಿ ಮಾಡಿಸುವ ಹವ್ಯಾಸವು ಪಾಶ್ಚಾತ್ಯ ದೇಶಗಳಲ್ಲಿ ದಶಕಗಳಿಂದ ಬೆಳೆದು, ಈಗ ಭಾರತದ ನಗರಗಳಿಗೂ ಬಂದಿದೆ. ಅದರಲ್ಲಿ ಹೆಚ್ಚು ಜನಪ್ರಿಯವಾದದ್ದು ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್, ಎಂದರೆ ಮುಸುಕಿನ ಜೋಳದ ಹಾವು. ವಿಷವಿಲ್ಲದ, ಸೌಮ್ಯ ಸ್ವಭಾವದ ಈ ಹಾವು ನಮ್ಮ ಕಡೆಯ ಆಭರಣದ ಹಾವಿನ ದೂರದ ಬಂಧು. ಹಿಂದೆ ಪ್ರಾಣಿಶಾಸ್ತ್ರಜ್ಞರು ಇವೆರಡನ್ನೂ ಒಂದೇ ಕುಲದಲ್ಲಿ ಸೇರಿಸಿದ್ದರು.

ಮೊಟ್ಟೆಗೆ ಕಾವು ಕೊಡುವ ವಿಧಾನವು ನಾಜೂಕಿನದು. ಗಂಡು ಹೆಣ್ಣುಗಳನ್ನು ಎರಡು ಮೂರು ತಿಂಗಳು ತಂಪಿನಲ್ಲಿಟ್ಟು, ವಸಂತದ ಹೊತ್ತಿಗೆ ಒಟ್ಟುಗೂಡಿಸುತ್ತಾರೆ. ಹೆಣ್ಣು ಸಾಮಾನ್ಯವಾಗಿ 10ರಿಂದ 30 ಮೊಟ್ಟೆಗಳನ್ನಿಟ್ಟು, ಅವುಗಳ ಪಾಲನೆಗೆ ನಿಲ್ಲದೆ ಹೊರಟುಹೋಗುತ್ತದೆ. ಮೊಟ್ಟೆಯ ಹೊದಿಕೆಯು ಚರ್ಮದಂತೆ ಮೆದುವಾಗಿದ್ದು ನೀರನ್ನು ಹೀರಿ ಉಬ್ಬುತ್ತದೆ. ತೇವಗೊಳಿಸಿದ ವರ್ಮಿಕ್ಯುಲೈಟ್ ಅಥವಾ ಪಾಚಿಯಲ್ಲಿ ಅದನ್ನಿರಿಸಿ, 27ರಿಂದ 29 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 60 ದಿನ ಕಾಯಬೇಕು. ಕೋಳಿಮೊಟ್ಟೆಯಂತೆ ಇದನ್ನು ಆಗಾಗ ತಿರುಗಿಸುವಂತಿಲ್ಲ. ತಿರುಗಿಸಿದರೆ ಒಳಗಿನ ಭ್ರೂಣವು ಸಾಯಬಹುದು. ಮರಿಯು ಮೂತಿಯ ತುದಿಯ ಚಿಕ್ಕ ಹಲ್ಲಿನಿಂದ ಹೊದಿಕೆಯನ್ನು ಸೀಳಿ, ಕೆಲವೊಮ್ಮೆ ಒಂದು ದಿನದವರೆಗೂ ತಲೆ ಮಾತ್ರ ಹೊರಗಿಟ್ಟುಕೊಂಡಿದ್ದು, ಅನಂತರ ಈಚೆಗೆ ಬರುತ್ತದೆ. ಸುಮಾರು ಒಂದು ವಾರದ ಮೇಲೆ ಮೊದಲ ಪೊರೆ ಕಳಚಿ ಆಹಾರವನ್ನು ಬಯಸುತ್ತದೆ. ಈ ಕೆಲಸವನ್ನು ತಾಳ್ಮೆಯಿಂದ ಮಾಡುವವರಲ್ಲಿ ಹಾವಿನ ಮೇಲೆ ಪ್ರೀತಿಯಿಲ್ಲವೆಂದು ಹೇಳುವುದು ಅನ್ಯಾಯ. ವಿಮರ್ಶೆಗೆ ಒಳಪಡಬೇಕಾದದ್ದು ಆ ಪ್ರೀತಿಯ ಸ್ವರೂಪ.

ಮೊದಲ ಪ್ರಶ್ನೆ ಆಹಾರದ್ದು. ಹಾವು ಮಾಂಸಾಹಾರಿ, ಅದು ಅದರ ದೋಷವಲ್ಲ. ಮಂಡ್ಯದ ಕಬ್ಬಿನ ಗದ್ದೆಯ ಬದುವಿನಲ್ಲಿ ಕೇರೆಹಾವು ಇಲಿಯನ್ನು ಹಿಡಿದರೆ ಅದರಲ್ಲಿ ಮನುಷ್ಯನ ಸಂಕಲ್ಪವಿಲ್ಲ. ಪೆಟ್ಟಿಗೆಯ ಹಾವಿಗಾದರೋ ಇಲಿಯನ್ನು ಮನುಷ್ಯನೇ ಬೆಳೆಸಿ, ಕೊಂದು, ಶೀತಪೆಟ್ಟಿಗೆಯಲ್ಲಿಟ್ಟು ಒದಗಿಸಬೇಕು. ಬೆಳೆದ ಹಾವಿಗೆ ಹತ್ತು ದಿನಕ್ಕೊಂದು ಇಲಿಯೆಂದರೂ ವರ್ಷಕ್ಕೆ 36 ಆಯಿತು. ಸಾಕಿದ ಕಾರ್ನ್ ಹಾವು ಹದಿನೈದು ವರ್ಷಕ್ಕೂ ಮೇಲ್ಪಟ್ಟು ಬದುಕಬಲ್ಲದು. ಆ ಹದಿನೈದು ವರ್ಷಗಳಿಗೆ 540 ಜೀವಗಳು. ಒಂದು ಸೂಲಿನ ಹದಿನೈದು ಮರಿಗಳಿಗೆ ವಾರಕ್ಕೊಂದರಂತೆ ಕಣ್ಣು ಬಿಡದ ಇಲಿಮರಿಗಳನ್ನು ಕೊಟ್ಟರೆ ಮೊದಲ ವರ್ಷದಲ್ಲಿಯೇ 780 ಜೀವಗಳು. ಜೈನಾಚಾರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದೆ. ಅಡುಗೆಯ ಒಲೆ, ರೈತನ ನೇಗಿಲು, ಆತ್ಮರಕ್ಷಣೆ ಇವುಗಳಲ್ಲಿ ಉಂಟಾಗುವ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನೆಂಬ ವಿವೇಕ ಅದರಲ್ಲಿದೆ. ಹವ್ಯಾಸದ ಹಾವಿಗಾಗಿ ತಿಳಿದು ತಿಳಿದು ಇಲಿಗಳನ್ನು ಕೊಲ್ಲುವುದು ಈ ಮೂರರಲ್ಲಿ ಯಾವುದಕ್ಕೂ ಸೇರದೆ ಸಂಕಲ್ಪೀ ಹಿಂಸೆಯಾಗಿಯೇ ಉಳಿಯುತ್ತದೆ.

ಇಲ್ಲಿ ಮಳವಳ್ಳಿ, ಮದ್ದೂರುಗಳ ರೇಷ್ಮೆಯ ಉದಾಹರಣೆಯನ್ನು ಕೆಲವರು ಎತ್ತಬಹುದು. ಆ ತಾಲ್ಲೂಕುಗಳ ರೈತರಿಗೆ ಮೊಟ್ಟೆಗೆ ಹದವಾದ ಉಷ್ಣತೆ, ತೇವಗಳನ್ನು ಒದಗಿಸಿ ಒಂದೇ ದಿನ ಮರಿ ಏಳುವಂತೆ ಮಾಡುವ ಕೆಲಸ ಹೊಸದಲ್ಲ. ಚಾಕಿ ಕಟ್ಟುವವರು ಅದರಲ್ಲಿ ನಿಪುಣರು. ಗೂಡಿನೊಳಗಿನ ಹುಳುವು ಕೊನೆಗೆ ಬಿಸಿಗೆ ಸಿಕ್ಕಿ ಸಾಯುವುದೂ ಸತ್ಯ. ಅದು ಹಿಂಸೆಯಲ್ಲವೆಂದು ಹೇಳುವಂತಿಲ್ಲ. ಆದರೆ ಅದರ ಹಿಂದೆ ಒಂದು ಕುಟುಂಬದ ಅನ್ನವಿದೆ. ಹಾವಿನ ಹವ್ಯಾಸಿಗೆ ಆ ಸಮಾಧಾನವೂ ಇಲ್ಲ. ಇನ್ನೊಂದು ಪಾಠವೂ ರೇಷ್ಮೆಯಲ್ಲಿದೆ. ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ತಳಿಯಾಗಿ ಬಂದ ಹಿಪ್ಪುನೇರಳೆ ರೇಷ್ಮೆಯ ಪತಂಗವು ರೆಕ್ಕೆಯಿದ್ದೂ ಹಾರಲಾರದು. ಜೀವಿಯೊಂದನ್ನು ಮನುಷ್ಯನ ಇಷ್ಟಕ್ಕೆ ತಕ್ಕಂತೆ ರೂಪಿಸುತ್ತ ಹೋದರೆ ಅದು ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಇದು ನಿದರ್ಶನ.

ಎರಡನೆಯ ಪ್ರಶ್ನೆ ತಳಿಯದು. ಕಾರ್ನ್ ಹಾವಿನ ಸಹಜ ಬಣ್ಣ ಕೇಸರಿ, ಕಂದು, ಕೆಂಪು. ಕಪ್ಪು ವರ್ಣದ್ರವ್ಯವಿಲ್ಲದ್ದು, ಕೆಂಪಿಲ್ಲದ್ದು, ಪಟ್ಟೆಯದ್ದು, ಹುರುಪೆಯೇ ಇಲ್ಲದ್ದು ಹೀಗೆ ಅನೇಕ ಬಗೆಗಳನ್ನು ಸಾಕುವವರು ತೆಗೆದಿದ್ದಾರೆ. ಇಂಥ ಗುಣಗಳಲ್ಲಿ ಅನೇಕವು ಅಡಗಿ ಬರುವಂಥವು. ಗುಣವನ್ನು ಒಳಗೇ ಹೊತ್ತ ಎರಡು ಹಾವುಗಳು ಕೂಡಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಯಲ್ಲಿ ಅದು ಪ್ರಕಟವಾಗುತ್ತದೆ. ಆದ್ದರಿಂದ ಮರಿಯನ್ನು ತಾಯಿಗೋ ತಂದೆಗೋ, ಒಡಹುಟ್ಟನ್ನು ಒಡಹುಟ್ಟಿಗೋ ಕೂಡಿಸುವ ಪದ್ಧತಿ ಬಂದಿದೆ. ಒಂದು ಬಗೆಯ ತಳಿಯಲ್ಲಿ ಹಾವು ತಲೆಯನ್ನು ಹಿಂದಕ್ಕೆ ತಿರುಚಿ ಆಕಾಶ ನೋಡುತ್ತ, ದೇಹದ ಹಿಡಿತ ತಪ್ಪಿ ಹೊರಳುವ ನರದೋಷವು ಕಾಣಿಸಿಕೊಂಡಿತು. ಅದಕ್ಕೆ ಸಾಕುವವರು ಕೊಟ್ಟ ಹೆಸರು ‘ನಕ್ಷತ್ರವೀಕ್ಷಕ’ ಎಂಬರ್ಥದ್ದು. ಜೀವಿಯ ಬೇನೆಗೆ ಇಷ್ಟು ಸೊಗಸಾದ ಹೆಸರು ದೊರೆಯುವಲ್ಲಿಯೇ ಆ ಹವ್ಯಾಸದ ಭಾಷೆಯ ದೋಷ ವ್ಯಕ್ತವಾಗುತ್ತದೆ. ನೋಡುವವನ ಕಣ್ಣಿನ ಸುಖವನ್ನು ಹಾವಿನ ಹಿತವೆಂದು ಆ ಭಾಷೆ ಭ್ರಮಿಸಿದೆ.

ನಮ್ಮ ಶ್ರಾವಕಾಚಾರವು ಈ ವಿಷಯದಲ್ಲಿ ಮೌನವಾಗಿಲ್ಲ. ಅಹಿಂಸಾಣುವ್ರತದ ಅತಿಚಾರಗಳಾದ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳಲ್ಲಿ ಮೊದಲನೆಯದೇ ಬಂಧನ. ಹೊಡೆಯದಿದ್ದರೂ ಹಸಿವಿಗಿಡದಿದ್ದರೂ ಕಟ್ಟಿಹಾಕುವುದೊಂದೇ ವ್ರತಕ್ಕೆ ಕಳಂಕವೆಂಬುದು ಇದರ ತಾತ್ಪರ್ಯ. ಬೆಕ್ಕು ಮುಂತಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ‘ಕಾರ್ತಿಕೇಯಾನುಪ್ರೇಕ್ಷೆ’ಯು ಅನರ್ಥದಂಡದಲ್ಲಿ ಸೇರಿಸಿದೆ. ಶ್ವೇತಾಂಬರ ಸಂಪ್ರದಾಯದ ಹದಿನೈದು ಕರ್ಮಾದಾನಗಳಲ್ಲಿ ‘ಅಸತೀಪೋಷಣ’ವೂ ಒಂದು, ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಹಣಕ್ಕಾಗಿ ಗಿಳಿ, ಬೆಕ್ಕು, ನಾಯಿ, ನವಿಲು ಮೊದಲಾದವನ್ನು ಸಾಕುವುದನ್ನು ಅದರಲ್ಲಿ ಎಣಿಸಿದ್ದಾರೆ. ಅಂದಿನ ಆಚಾರ್ಯರಿಗೆ ಅಮೆರಿಕದ ಹಾವು ಗೊತ್ತಿರಲಿಲ್ಲ. ಆದರೆ ಮನರಂಜನೆಗೂ ಲಾಭಕ್ಕೂ ಜೀವಿಗಳನ್ನು ಸಾಕುವ ಮನುಷ್ಯನ ಮನಸ್ಸು ಚೆನ್ನಾಗಿ ಗೊತ್ತಿತ್ತು.

ಪಾರ್ಶ್ವನಾಥರ ಕಥೆಯನ್ನೂ ಈ ಬೆಳಕಿನಲ್ಲಿ ಓದಬೇಕು. ತಪಸ್ವಿಯು ಸೀಳಲು ಹೊರಟ ಕೊರಡಿನೊಳಗೆ ಹಾವಿನ ಜೋಡಿಯಿದೆಯೆಂದು ರಾಜಕುಮಾರನು ಎಚ್ಚರಿಸಿದನು. ಗಾಯಗೊಂಡ ಅವುಗಳಿಗೆ ಸದ್ಗತಿಯ ಮಾತನ್ನು ಹೇಳಿದನು. ಒಳಗೊಂದು ಜೀವವಿದೆಯೆಂಬ ಅರಿವೇ ಅಲ್ಲಿಯ ಕರುಣೆಯ ಮೂಲ. ಹಾವನ್ನು ತನ್ನದಾಗಿಸಿಕೊಳ್ಳುವ ಮಾತು ಆ ಕಥೆಯಲ್ಲಿ ಎಲ್ಲಿಯೂ ಇಲ್ಲ.

ಹವ್ಯಾಸಿಗಳ ಪಕ್ಷವನ್ನೂ ಕೇಳಬೇಕು. ಪೆಟ್ಟಿಗೆಯಲ್ಲಿ ಹುಟ್ಟಿದ ಮರಿಗಳಿಂದ ಕಾಡಿನ ಹಾವನ್ನು ಹಿಡಿಯುವುದು ತಪ್ಪುತ್ತದೆ, ವಿಷವಿಲ್ಲದ ಹಾವನ್ನು ಮುಟ್ಟಿದವರಿಗೆ ಭಯ ಹೋಗುತ್ತದೆ ಎಂಬವು ಅವರ ಮುಖ್ಯ ವಾದಗಳು. ಮೊದಲನೆಯದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಸಾಕುವ ಆಸೆಯೇ ಇಲ್ಲದಿದ್ದರೆ ಹಿಡಿಯುವ ಪ್ರಸಂಗವೇ ಇಲ್ಲ. ಎರಡನೆಯದು ಮಂಡ್ಯದ ರೈತನಿಗೆ ನಿಲುಕುವುದಿಲ್ಲ. ನಾಲೆಯ ನೀರು ಕಟ್ಟಲು ರಾತ್ರಿ ಗದ್ದೆಗೆ ಹೋಗುವವನ ಭಯ ಕೊಳಕುಮಂಡಲದ್ದು, ನಾಗರದ್ದು. ಹಾವುಕಡಿತವನ್ನು ಕರ್ನಾಟಕ ಸರ್ಕಾರವು 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಸಾರಿತು. ಆ ರೈತನಿಗೆ ಬೇಕಾದುದು ಕೈದೀಪ, ಪಾದರಕ್ಷೆ, ಹತ್ತಿರದ ಆಸ್ಪತ್ರೆಯಲ್ಲಿ ವಿಷಪ್ರತಿರೋಧಕ ಔಷಧಿ, ಕೇರೆಗೂ ನಾಗರಕ್ಕೂ ಇರುವ ಭೇದದ ತಿಳಿವಳಿಕೆ.

ಕಾನೂನಿನ ಸ್ಥಿತಿಯೂ ವಿಚಾರಾರ್ಹ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಾಗಿ ಹಾವಾಡಿಗನು ನಾಗರಹಾವನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊಟ್ಟೆ ಹೊರೆಯುವುದು ಅಪರಾಧವಾಯಿತು. ವಿದೇಶೀ ಜೀವಿಗಳ ವಿಷಯದಲ್ಲಿ 2022ರ ತಿದ್ದುಪಡಿಯೂ 2024ರ ನಿಯಮಗಳೂ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿರುವ ಪ್ರಭೇದಗಳನ್ನು ಸಾಕುವವರು ನೋಂದಾಯಿಸಬೇಕೆಂದು ವಿಧಿಸಿವೆ. ಕಾರ್ನ್ ಹಾವು ಆ ಪಟ್ಟಿಗಳಲ್ಲಿಲ್ಲ. ಬಡವನ ಬುಟ್ಟಿಯನ್ನು ಕ್ರೌರ್ಯವೆಂದು ಒಪ್ಪಿದ ಸಮಾಜವು ಸ್ಥಿತಿವಂತನ ಪೆಟ್ಟಿಗೆಯನ್ನು ಹವ್ಯಾಸವೆಂದು ಕರೆಯುವುದರಲ್ಲಿ ನ್ಯಾಯವಿಲ್ಲ. ಕಾಯಿದೆಯು ಎಲ್ಲಿ ಸುಮ್ಮನಿರುತ್ತದೆಯೋ ಅಲ್ಲಿ ವ್ರತದ ಹೊಣೆ ಹೆಚ್ಚುತ್ತದೆ.

ಹಾಗಾದರೆ ಅನ್ಯ ಜೀವಿಯ ಮೊಟ್ಟೆಮರಿಗಳಿಗೆ ಮನುಷ್ಯನು ಕೈ ನೀಡಲೇಬಾರದೆ? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದಕ್ಕೆ ಉತ್ತರ ಕೊಡುತ್ತದೆ. ಊರೊಳಗಿನ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ತಲೆಮಾರುಗಳಿಂದ ಗೂಡು ಕಟ್ಟುತ್ತಿವೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದ ಯುವಕರು ಎತ್ತಿಕೊಂಡು, ಆವರಣದಲ್ಲಿಟ್ಟು, ಮೀನುಣಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟುಬಿಡುತ್ತ ಬಂದವರು. ಮೀನು ಕೊಡುವುದರಲ್ಲಿಯೂ ಹಿಂಸೆಯಿದೆಯೆಂಬ ಆಕ್ಷೇಪ ಸರಿಯಾದದ್ದೇ. ಕಠಿಣ ವ್ರತಿಯು ಅದನ್ನು ಮಾಡಲಾರನು. ಆದರೂ ಭೇದ ಸ್ಪಷ್ಟವಾಗಿದೆ. ಅಲ್ಲಿ ಬಿದ್ದ ಜೀವಕ್ಕೆ ನೆರವಿದೆ. ಬಂಧನಕ್ಕಾಗಿ ಹೊಸ ಜೀವವನ್ನು ಹುಟ್ಟಿಸುವುದಿಲ್ಲ. ಬಳಿಯಿಡುವ ಕಾಲಕ್ಕೆ ಒಂದು ಕೊನೆಯಿದೆ, ಮರಿಯನ್ನು ಮಾರುವುದಿಲ್ಲ.

ಇದೇ ಅಳತೆಯನ್ನು ಹಾವಿನ ಮೊಟ್ಟೆಗೂ ಅನ್ವಯಿಸಬಹುದು. ಪಾಯ ತೋಡುವಾಗಲೋ ಬದು ಕಡಿಯುವಾಗಲೋ ಕೇರೆಹಾವಿನ ಮೊಟ್ಟೆಗಳು ಹೊರಬಿದ್ದರೆ ಅವನ್ನು ಜಜ್ಜಿಹಾಕದೆ, ಮಗ್ಗುಲು ತಿರುಗಿಸದೆ ಹಾಗೆಯೇ ಮಣ್ಣು ಮುಚ್ಚುವುದು, ಅದು ಸಾಧ್ಯವಿಲ್ಲದಿದ್ದರೆ ಅರಣ್ಯ ಇಲಾಖೆಗೆ ತಿಳಿಸುವುದು ಶ್ರಾವಕನಿಗೂ ರೈತನಿಗೂ ಸಮಾನವಾದ ಧರ್ಮ. ಇಲಾಖೆಯ ಅನುಮತಿಯಿಂದ ಬಲ್ಲವರು ಅವುಗಳಿಗೆ ಕಾವು ಕೊಟ್ಟು ಮರಿಗಳನ್ನು ಅದೇ ಸೀಮೆಯಲ್ಲಿ ಬಿಡುವುದರಲ್ಲಿ ಆಕ್ಷೇಪವಿಲ್ಲ. ಕೊಂಡು ತಂದ ಹಾವುಗಳನ್ನು ಈಗಾಗಲೇ ಸಾಕುತ್ತಿರುವವರ ಕರ್ತವ್ಯ ಬೇರೆ. ಅವುಗಳನ್ನು ಇಲ್ಲಿಯ ಗದ್ದೆಬಯಲಿಗೆ ಬಿಡಕೂಡದು. ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ಹೊರಗಿನಿಂದ ಬಂದ ಕಾರ್ನ್ ಹಾವು ನೆಲೆಯೂರಿದ್ದು ಎಚ್ಚರಿಕೆಯ ಸಂಗತಿ. ಅಂಥವರು ಇರುವ ಹಾವನ್ನು ಅದರ ಆಯುಸ್ಸು ಇರುವವರೆಗೆ ನೋಡಿಕೊಳ್ಳಲಿ. ಅದರ ಆಹಾರದ ಹಿಂಸೆಯನ್ನು ತಮ್ಮ ಹೊಣೆಯೆಂದು ಒಪ್ಪಲಿ. ಗಂಡುಹೆಣ್ಣುಗಳನ್ನು ಬೇರೆಬೇರೆ ಇರಿಸಿ, ಇನ್ನೊಂದು ಸೂಲಿಗೆ ಅವಕಾಶ ಕೊಡದಿರಲಿ.