ಚೂರಿನ ಮೇಲಿನ ನಂಬಿಕೆ

ಕೆನ್ನೆಯ ಒಳಗೆ ಬಿಳಿ ದಡ್ಡು ಎದ್ದಿದೆ. ಡಾಕ್ಟರು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ‘ಕ್ಯಾನ್ಸರ್ ಕಂಡಿಲ್ಲ’ ಎಂದು ರಿಪೋರ್ಟ್ ಬಂತು. ನಮ್ಮ ಕಡೆ ಅಲ್ಲಿಗೆ ಮಾತು ಮುಗಿದಂತೆ. ಚಂದಗುಳಿಯ ಗಣಪತಿಗೆ ಹರಕೆಯ ಗಂಟೆ ಕಟ್ಟಿ ಬಂದು ಮತ್ತೆ ಎಲೆ-ಅಡಿಕೆಯ ಕವಳದ ತಟ್ಟೆಯ ಮುಂದೆ ಕೂರುತ್ತಾರೆ. ಹರಕೆಯ ಬಗ್ಗೆ ನನಗೆ ತಕರಾರಿಲ್ಲ. ಆ ಒಂದು ಚೂರಿನ ಮೇಲಿಟ್ಟ ನಂಬಿಕೆಯ ಬಗ್ಗೆ ಇದೆ.

ವೆರುಕಸ್ ಕಾರ್ಸಿನೋಮಾ ಎಂಬ ಅಪರೂಪದ ಬಾಯಿ ಕ್ಯಾನ್ಸರನ್ನು 1948ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಲಾರೆನ್ ಆಕರ್‌ಮನ್ ಪ್ರತ್ಯೇಕವಾಗಿ ವಿವರಿಸಿದರು. ಬೆಳ್ಳಗೆ, ತರಿತರಿಯಾಗಿ, ವರ್ಷಗಟ್ಟಲೆ ನಿಧಾನಕ್ಕೆ ಹಬ್ಬುತ್ತದೆ. ಶುರುವಿನಲ್ಲಿ ನೋವೂ ಕಡಿಮೆ. ಬೇರೆ ಹಲವು ಕ್ಯಾನ್ಸರುಗಳಲ್ಲಿ ಜೀವಕೋಶಗಳ ವಿಕಾರವೇ ರೋಗವನ್ನು ಹೇಳಿಬಿಡುತ್ತದೆ. ಇದರಲ್ಲಿ ಅವು ಹೆಚ್ಚುಕಡಿಮೆ ಸಹಜವಾಗಿಯೇ ಕಾಣುತ್ತವೆ. ಗುರುತು ಸಿಗುವುದು ಬುಡದಲ್ಲಿ: ಮೇಲ್ಪದರ ದಪ್ಪಗೆ ಉಬ್ಬಿ, ಕೆಳಗಿನ ಅಂಗಾಂಶವನ್ನು ಒತ್ತುತ್ತ ಇಳಿದಿರುತ್ತದೆ. ಮೇಲಿಂದ ಕೆರೆದಂತೆ ತೆಗೆದ ಚೂರಿನಲ್ಲಿ ಇರುವುದು ಕೆರಾಟಿನ್ ಪದರವಷ್ಟೇ. ಲ್ಯಾಬಿನವರು ಕಂಡದ್ದನ್ನು ಕಂಡಂತೆ ‘ಹೈಪರ್‌ಕೆರಟೋಸಿಸ್’ ಎಂದು, ಅಂದರೆ ಆ ಪದರ ದಪ್ಪಗಾಗಿದೆ ಎಂದಷ್ಟೇ ಬರೆಯುತ್ತಾರೆ. ಅವರ ತಪ್ಪೇನೂ ಇಲ್ಲ. ಬುಡ ಅವರ ಕೈಗೆ ಹೋಗಿಯೇ ಇಲ್ಲ. ಅಡಿಕೆ ಮರದ ಸೋಗೆ ಹಳದಿಯಾದರೆ ಬೇರುಹುಳ ಬಿದ್ದಿದೆಯೇ ಎಂದು ಬುಡ ಅಗೆದು ನೋಡುವ ಜನ ನಾವು. ಬಾಯಿಯ ವಿಷಯದಲ್ಲಿ ಮಾತ್ರ ಸೋಗೆ ನೋಡಿ ಸಮಾಧಾನಪಡುತ್ತೇವೆ.

‘ತಂಬಾಕು ಹಾಕೋದಿಲ್ಲ, ಬರೀ ಅಡಿಕೆ’ ಎಂಬ ಧೈರ್ಯವೂ ನಿಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ಸಂಪುಟ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯಿಂದಲೇ ಅನ್ನ ಕಾಣುವ ಊರಿನಲ್ಲಿ ಇದನ್ನು ಹೇಳುವುದು ಕಷ್ಟ, ಕೇಳುವುದು ಇನ್ನೂ ಕಷ್ಟ. ಆದರೆ ದರದ ಚಿಂತೆಯನ್ನು ಡಾಕ್ಟರ ಕೋಣೆಯ ಒಳಗೆ ಒಯ್ಯಬಾರದು. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಕವಳ ಎಂದು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಬೇಕು.

‘ಕತ್ತರಿ ತಾಗಿಸಿದರೆ ಹರಡುತ್ತದೆ’ ಎಂದು ಎರಡನೇ ಬಯಾಪ್ಸಿಗೆ ಒಪ್ಪದವರೂ ಇದ್ದಾರೆ. ವೆರುಕಸ್ ಕ್ಯಾನ್ಸರ್ ಕುತ್ತಿಗೆಯ ಗ್ರಂಥಿಗಳಿಗೆ ಹೋಗುವುದೇ ತೀರ ಅಪರೂಪ. ಪೂರ್ತಿ ತೆಗೆದುಹಾಕಿದರೆ ಗುಣವಾಗುವ ಸಾಧ್ಯತೆ ದೊಡ್ಡದು. ಬಿಟ್ಟರೆ ದವಡೆಯ ಎಲುಬಿಗೂ ಇಳಿಯಬಲ್ಲದು, ಕೆಲವರಲ್ಲಿ ಅದರೊಳಗೇ ಉಗ್ರ ಸ್ವರೂಪದ ಇನ್ನೊಂದು ಕ್ಯಾನ್ಸರ್ ಇರುತ್ತದೆ. ದಡ್ಡು ಹಾಗೇ ಉಳಿದಿದ್ದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವಾಗ ರಿಪೋರ್ಟಿನ ಜತೆ ಹಳೆಯ ಸ್ಲೈಡು, ಮೇಣದ ಬ್ಲಾಕು ಎರಡನ್ನೂ ಲ್ಯಾಬಿನಿಂದ ಕೇಳಿ ಪಡೆದು ಒಯ್ಯಿರಿ. ಈ ಸಲ ಅಂಚು ಸೇರಿಸಿ, ಬುಡದವರೆಗೆ ಚೂರು ತೆಗೆಯುತ್ತೀರಾ ಎಂದು ಬಾಯಿಬಿಟ್ಟು ಕೇಳಿರಿ.